ಸೆಕೆಂಡ್ ಶಿಫ್ಟಿನ ಡಾರ್ಕ್‌ರೂಂ

ಬೂದು ಬಣ್ಣವನ್ನು ಸುತರಾಂ ಒಪ್ಪದ ಫಿಲ್ಮೊಂದಿತ್ತು, ಲಿಥ್ ಫಿಲ್ಮ್ ಅಂತ. ಬೆಳಕು ಬಿದ್ದ ಕಡೆ ಕಡುಗಪ್ಪು, ಬೀಳದ ಕಡೆ ಬರೀ ಗಾಜು. ನಡುವಿನದ್ದೇನೂ ಅದಕ್ಕೆ ಗೊತ್ತಿಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಇದಿಲ್ಲದೆ ನಡೆಯುತ್ತಿರಲಿಲ್ಲ. ಮೋಟಾರಿನ ಮೈಗೆ ರಿವೆಟ್ ಹೊಡೆದ ನೇಮ್‌ಪ್ಲೇಟ್, ಸ್ಟೆಬಿಲೈಸರಿನ ಡಯಲ್, ಕಂಟ್ರೋಲ್ ಪ್ಯಾನೆಲ್ಲಿನ ಅಕ್ಷರ, ಟಿ.ವಿ.ಯ ಹೊಟ್ಟೆಯೊಳಗಿನ ಪಿಸಿಬಿ, ಇವೆಲ್ಲ ಮೊದಲು ಬಿಳಿ ಹಾಳೆಯ ಮೇಲೆ ಕಪ್ಪು ಶಾಯಿಯ ಚಿತ್ರವಾಗಿ, ಆಮೇಲೆ ಲಿಥ್ ಫಿಲ್ಮಾಗಿ, ಅಲ್ಲಿಂದ ಪ್ರಿಂಟಿಂಗ್ ಸ್ಕ್ರೀನಿಗೋ ತಾಮ್ರದ ಹಾಳೆಗೋ ಇಳಿಯಬೇಕಿತ್ತು. ಬೆಂಗಳೂರಿನ ಫೋಟೋಗ್ರಫಿ ಕ್ಲಬ್ಬುಗಳ ಪ್ರಯೋಗಶೀಲರು ಅದೇ ಫಿಲ್ಮನ್ನು ಎತ್ತಿನಗಾಡಿಯನ್ನೂ ಅಜ್ಜಿಯ ಸುಕ್ಕುಮುಖವನ್ನೂ ಕಲಾಕೃತಿ ಮಾಡುವುದಕ್ಕೆ ಬಳಸುತ್ತಿದ್ದರು. ಎರಡೂ ಕೆಲಸ ಒಂದೇ ಕೋಣೆಯಲ್ಲಿ ನಡೆದದ್ದನ್ನು ನಾನು ಕಂಡಿದ್ದೇನೆ. ಹಗಲು ನೇಮ್‌ಪ್ಲೇಟ್, ರಾತ್ರಿ ಕಲೆ.

ಪೀಣ್ಯ ಎರಡನೇ ಹಂತದ ಒಂದು ನೇಮ್‌ಪ್ಲೇಟ್ ಯೂನಿಟ್ಟಿನಲ್ಲಿ ನಾನು ಪ್ರೋಸೆಸ್ ಕ್ಯಾಮೆರಾ ಆಪರೇಟರ್ ಆಗಿದ್ದೆ. ಆ ಕ್ಯಾಮೆರಾ ಕೊರಳಿಗೆ ನೇತುಹಾಕಿಕೊಳ್ಳುವಂಥದ್ದಲ್ಲ, ಅರ್ಧ ಕೋಣೆ ನುಂಗುವಂಥದ್ದು. ಅದರ ಮುಂಭಾಗ ಹೊರಗಿನ ಬೆಳಕಿನಲ್ಲಿ, ಹಿಂಭಾಗ ಗೋಡೆಯಾಚೆ ಡಾರ್ಕ್‌ರೂಮಿನಲ್ಲಿ. ಆರ್ಟಿಸ್ಟು ದೊಡ್ಡದಾಗಿ ಬರೆದ ಚಿತ್ರವನ್ನು ಬೋರ್ಡಿಗೆ ಸಿಕ್ಕಿಸಿ, ಎರಡು ಕಡೆಯಿಂದ ದೀಪ ಹಾಕಿ, ಅಳತೆಗೆ ಇಳಿಸಿ, ಒಳಗೆ ಹೋಗಿ ಕೆಂಪು ದೀಪದಲ್ಲಿ ಫಿಲ್ಮ್ ಕೂರಿಸಿದರೆ ವ್ಯಾಕ್ಯೂಂ ಅದನ್ನು ಹಿಡಿದುಕೊಳ್ಳುತ್ತಿತ್ತು. ಡೆವಲಪರ್ ಎ ಮತ್ತು ಬಿ ಎಂದು ಎರಡು ಕ್ಯಾನಿನಲ್ಲಿ ಬರುತ್ತಿತ್ತು. ಬೇರೆ ಬೇರೆ ಇದ್ದಷ್ಟು ದಿನ ಕೆಡುವುದಿಲ್ಲ, ಕೂಡಿಸಿದರೆ ಕೆಲವೇ ಗಂಟೆಗಳಲ್ಲಿ ಸತ್ತುಹೋಗುತ್ತದೆ. ಅದರಲ್ಲಿದ್ದ ಫಾರ್ಮಾಲ್ಡಿಹೈಡ್‌ನ ಘಾಟಿಗೆ ಕಣ್ಣಲ್ಲಿ ನೀರು. ಎಕ್ಸಾಸ್ಟ್ ಫ್ಯಾನ್ ಇತ್ತು. ಅದು ತಿರುಗಬೇಕಾದರೆ ಕೆಇಬಿಯವರ ದಯೆ ಬೇಕಿತ್ತು.

ಫಿಲ್ಮ್ ಒಣಗಿದ ಮೇಲೆ ಲೈಟ್ ಟೇಬಲ್ಲಿಗೆ. ಅಲ್ಲಿ ಲಗ್ಗೆರೆ, ಹೆಗ್ಗನಹಳ್ಳಿ ಕಡೆಯಿಂದ ಬರುತ್ತಿದ್ದ ಹೆಣ್ಣುಮಕ್ಕಳು ಸಾಲಾಗಿ ಕೂತು, ಕಪ್ಪಿನಲ್ಲಿ ಉಳಿದ ಸೂಜಿಮೊನೆಯಷ್ಟು ತೂತುಗಳನ್ನು ಕೆಂಪು ಓಪೇಕ್ ಬಣ್ಣದಿಂದ ಮುಚ್ಚುತ್ತಿದ್ದರು. ಸೊನ್ನೆ ನಂಬರಿನ ಬ್ರಷ್ಷು, ಬಗ್ಗಿದ ಬೆನ್ನು, ಅಡಿಯಿಂದ ಕಣ್ಣಿಗೆ ಹೊಡೆಯುವ ಟ್ಯೂಬ್‌ಲೈಟು. ಅವರ ಮಾತು ಮುಂದೆ ಬರುತ್ತದೆ.

ಈ ಕೋಣೆಗೆ ಕಲೆ ಹೇಗೆ ಬಂತು ಎನ್ನುವುದಕ್ಕೆ ಬೆಂಗಳೂರಿನ ಹಳೆಯ ಕಥೆ ಸ್ವಲ್ಪ ಬೇಕು. ಇಲ್ಲಿ ಫೋಟೋಗ್ರಫಿಯನ್ನು ಸ್ಟುಡಿಯೋದಿಂದ ಹೊರಗೆ ತಂದು ಹವ್ಯಾಸದ ಕಲೆಯಾಗಿ ಕಟ್ಟಿದವರಲ್ಲಿ ಡಾ. ಜಿ. ಥಾಮಸ್ ಮೊದಲ ಸಾಲಿನವರು. ವೃತ್ತಿಯಿಂದ ವೈದ್ಯರು. 1953ರಲ್ಲಿ ಫೆಡರೇಷನ್ ಆಫ್ ಇಂಡಿಯನ್ ಫೋಟೋಗ್ರಫಿ ಹುಟ್ಟಿದ್ದರ ಹಿಂದೆ ಅವರಿದ್ದರು; ಭಾರತದ ಫೋಟೋಗ್ರಫಿಯ ಇತಿಹಾಸ ಬರೆದವರೂ ಅವರೇ. ಒ.ಸಿ. ಎಡ್ವರ್ಡ್ಸ್, ಸಿ. ರಾಜಗೋಪಾಲ್, ಇ. ಹನುಮಂತರಾವ್, ಎಡ್ವರ್ಡ್ಸ್ ಅವರ ಗರಡಿಯಲ್ಲೇ ಹಕ್ಕಿ ಹಿಡಿಯಲು ಕಲಿತ ಟಿ.ಎನ್.ಎ. ಪೆರುಮಾಳ್, ಹೀಗೆ ಒಂದು ದೊಡ್ಡ ಪರಂಪರೆಯೇ ಈ ಊರಲ್ಲಿತ್ತು. ಆಚೆ ಸಂಡೂರಿನಲ್ಲಿ ಎಂ.ವೈ. ಘೋರ್ಪಡೆ. ದೇವರಾಜ ಅರಸು ಸಂಪುಟದಲ್ಲಿ ಹಣಕಾಸು ನೋಡಿಕೊಂಡವರು ಕಾಡಿಗೆ ಹೋಗಿ ಕಪ್ಪುಬಿಳುಪಿನಲ್ಲಿ ಆನೆ, ಹುಲಿ ತೆಗೆದರು. ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಎಂಬ ಅವರ ಪುಸ್ತಕ 1983ರಲ್ಲಿ ಬಂತು. ಡಾಕ್ಟರು, ರಾಜಮನೆತನದವರು, ಅನುಕೂಲಸ್ಥರು ಹೀಗೆ ಹಾಕಿದ ದಾರಿಗೆ ಎಪ್ಪತ್ತರ ದಶಕದಲ್ಲಿ ಕಾರ್ಖಾನೆಯವರು ಬಂದು ಸೇರಿದರು. 1971ರಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಶುರುವಾಯಿತು. ಎಚ್‌ಎಂಟಿ, ಬಿಇಎಲ್, ಐಟಿಐ, ಎಚ್‌ಎಎಲ್‌ನವರಿಗೆ ಈ ಹುಚ್ಚು ಹತ್ತಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಶಿಫ್ಟಿಗೆ ಇಷ್ಟೇ ಹೊತ್ತು ಎಂದು ಗೊತ್ತು, ಒಂದನೇ ತಾರೀಕಿಗೆ ಸಂಬಳ ಗೊತ್ತು, ಸೊಸೈಟಿಯಲ್ಲಿ ಸಾಲ ಸಿಗುತ್ತದೆ, ಕ್ವಾರ್ಟರ್ಸಿನ ಬಚ್ಚಲುಮನೆಗೆ ರಾತ್ರಿ ಕಂಬಳಿ ಕಟ್ಟಿದರೆ ಡಾರ್ಕ್‌ರೂಮೂ ಆಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಮೈಕ್ರಾನ್ ಲೆಕ್ಕದಲ್ಲಿ ಅಳೆಯುವುದು, ಸೆಕೆಂಡ್ ಎಣಿಸುವುದು, ಬರೆದಿಡುವುದು ಅವರಿಗೆ ಕೈಗೆ ಬಂದಿದ್ದ ವಿದ್ಯೆ.

ನಮ್ಮ ಯೂನಿಟ್ಟಿಗೆ ಬರುತ್ತಿದ್ದವರನ್ನು ನಾವೆಲ್ಲ ಬಿಇಎಲ್ ಸಾರ್ ಎನ್ನುತ್ತಿದ್ದೆವು. ಜಾಲಹಳ್ಳಿಯಲ್ಲಿ ಮನೆ, ಟೆಸ್ಟಿಂಗ್ ವಿಭಾಗದಲ್ಲಿ ಕೆಲಸ. ಸೇಂಟ್ ಮಾರ್ಕ್ಸ್ ರಸ್ತೆಯ ಬ್ರಿಟಿಷ್ ಕೌನ್ಸಿಲ್ ಲೈಬ್ರರಿಯಲ್ಲಿ ಕೂತು ವಿದೇಶಿ ಫೋಟೋ ಪತ್ರಿಕೆಗಳನ್ನು ಓದಿ, ಫಾರ್ಮುಲಾಗಳನ್ನು ಡೈರಿಗೆ ಇಳಿಸಿಕೊಂಡು ಬರುತ್ತಿದ್ದರು. ಅಮೆರಿಕದ ಜೆರ್ರಿ ಯೂಲ್ಸ್‌ಮನ್ ಎಂಬ ಫೋಟೋಗ್ರಾಫರ್ ಒಂದೇ ಡಾರ್ಕ್‌ರೂಮಿನಲ್ಲಿ ನಾಲ್ಕಾರು ಎನ್‌ಲಾರ್ಜರ್ ಸಾಲಾಗಿ ಇಟ್ಟುಕೊಂಡು, ಒಂದೊಂದರಲ್ಲಿ ಒಂದೊಂದು ನೆಗೆಟಿವ್ ಹಾಕಿ, ಒಂದೇ ಹಾಳೆಯನ್ನು ಅಲ್ಲಿಂದಲ್ಲಿಗೆ ದಾಟಿಸುತ್ತ ಮರಕ್ಕೆ ಬೇರಿಲ್ಲದಂತೆ, ಮನೆಗೆ ಸೂರಿಲ್ಲದಂತೆ ಚಿತ್ರ ಮಾಡುತ್ತಾನೆ ಎನ್ನುವುದನ್ನು ನನಗೆ ಮೊದಲು ಹೇಳಿದವರು ಅವರೇ. ತಮ್ಮಲ್ಲಿ ಇದ್ದದ್ದು ಒಂದೇ ಎನ್‌ಲಾರ್ಜರ್ ಎಂಬ ಸಂಕಟ ಆ ಮಾತಿನಲ್ಲಿತ್ತು. ಯಜಮಾನರ ಹತ್ತಿರ ಅದು ಹೇಗೆ ಒಪ್ಪಿಸಿಕೊಂಡರೋ, ಸೆಕೆಂಡ್ ಶಿಫ್ಟ್ ಮುಗಿದ ಮೇಲೆ ನಮ್ಮ ಡಾರ್ಕ್‌ರೂಂ ಬಳಸುವ ಅನುಮತಿ ಸಿಕ್ಕಿತು. ಷರತ್ತು ಒಂದೇ: ಹೊಸ ಹಾಳೆ ಮುಟ್ಟುವಂತಿಲ್ಲ, ಕತ್ತರಿಸಿ ಉಳಿದ ಲಿಥ್ ತುಂಡುಗಳಲ್ಲೇ ಏನು ಬೇಕಾದರೂ ಮಾಡಿಕೊಳ್ಳಬಹುದು. ಡಾರ್ಕ್‌ರೂಮಿನ ಬೀಗದ ಕೈ ನನ್ನ ಹತ್ತಿರ ಇದ್ದುದರಿಂದ ನಾನೂ ಉಳಿಯಬೇಕಾಯಿತು. ಓಟಿ ಇಲ್ಲದ ಓಟಿ.

ಅವರ ಮುಖ್ಯ ಪ್ರಯೋಗ ಟೋನ್ ಸೆಪರೇಷನ್. ಈಗ ಮೊಬೈಲಿನಲ್ಲಿ ಪೋಸ್ಟರೈಸ್ ಅಂತ ಒತ್ತಿದರೆ ಆಗುವ ಕೆಲಸ. ಸಾಮಾನ್ಯ ನೆಗೆಟಿವಿನಲ್ಲಿ ಬಿಳಿಯಿಂದ ಕಪ್ಪಿನವರೆಗೆ ಲೆಕ್ಕವಿಲ್ಲದಷ್ಟು ಬೂದುಗಳಿರುತ್ತವೆ. ಅವನ್ನೆಲ್ಲ ಕಿತ್ತುಹಾಕಿ ಬಿಳಿ, ತಿಳಿಬೂದು, ಕಡುಬೂದು, ಕಪ್ಪು ಎಂದು ನಾಲ್ಕೇ ಮಟ್ಟ ಉಳಿಸಬೇಕು. ನೆಗೆಟಿವನ್ನು ಎನ್‌ಲಾರ್ಜರಿನಿಂದ ಮೂರು ಲಿಥ್ ಹಾಳೆಗಳ ಮೇಲೆ ಬಿಡುತ್ತಿದ್ದೆವು. ಒಂದಕ್ಕೆ ಕಡಿಮೆ ಬೆಳಕು, ಅದರಲ್ಲಿ ಗಾಢ ನೆರಳಿನ ಭಾಗ ಮಾತ್ರ ಕಪ್ಪಾಗುತ್ತದೆ. ಇನ್ನೊಂದಕ್ಕೆ ಮಧ್ಯಮ. ಮೂರನೆಯದಕ್ಕೆ ಧಾರಾಳ, ಅದರಲ್ಲಿ ಆಕಾಶದಂಥ ತೀರಾ ಬೆಳ್ಳಗಿನ ಜಾಗ ಬಿಟ್ಟು ಉಳಿದದ್ದೆಲ್ಲ ಕಪ್ಪು. ಈ ಮೂರು ಪಾಸಿಟಿವುಗಳಿಂದ ಮತ್ತೆ ಮೂರು ನೆಗೆಟಿವ್. ಆ ಮೂರನ್ನೂ ಒಂದಾದ ಮೇಲೊಂದು ಒಂದೇ ಬ್ರೊಮೈಡ್ ಹಾಳೆಯ ಮೇಲಿಟ್ಟು ಅಷ್ಟಷ್ಟೇ ಬೆಳಕು ಕೊಟ್ಟರೆ ಬೆಳಕಿಗೆ ಬೆಳಕು ಕೂಡಿಕೊಂಡು ನಾಲ್ಕು ಮಟ್ಟದ ಚಿತ್ರ ಬರುತ್ತದೆ.

ಹೇಳುವುದಕ್ಕೆ ಇಷ್ಟೇ. ಮೂರು ಫಿಲ್ಮೂ ಒಂದರ ಮೇಲೊಂದು ಕೂದಲೆಳೆ ಆಚೀಚೆಯಾಗದೆ ಕೂರಬೇಕು, ಕೆಲಸ ಕೆಡುತ್ತಿದ್ದದ್ದೇ ಅಲ್ಲಿ. ಸ್ವಲ್ಪ ಸರಿದರೂ ಎತ್ತಿನ ಕೊಂಬಿಗೆ ಮೂರು ಅಂಚು. ಬಿಇಎಲ್ ಸಾರ್ ಮೊದಮೊದಲು ಲೂಪ್ ಹಿಡಿದು ಕಣ್ಣಳತೆಯಲ್ಲಿ ಕೂರಿಸಿ ಸೆಲ್ಲೋಟೇಪ್ ಹಚ್ಚುತ್ತಿದ್ದರು. ಆಮೇಲೆ ಆಫೀಸಿನಲ್ಲಿ ಫೈಲಿಗೆ ತೂತು ಹಾಕುವ ಪಂಚಿನಿಂದ ಎಲ್ಲ ಹಾಳೆಗಳಿಗೂ ಎರಡೆರಡು ತೂತು ಹೊಡೆದು, ಹಲಗೆಗೆ ಎರಡು ಪಿನ್ ಬಡಿದರು. ಪಿನ್ ಸಣ್ಣದಾದರೆ ಫಿಲ್ಮ್ ಆಡುತ್ತದೆ, ಬಿಗಿಯಾದರೆ ಎರಡನೇ ತೂತಿಗೆ ಕೂರುವುದೇ ಇಲ್ಲ. ಒತ್ತಿ ಕೂರಿಸಿದರೆ ನಡುವೆ ಉಬ್ಬುತ್ತದೆ.

ಪಕ್ಕದ ಶೆಡ್ಡಿನ ಟೂಲ್‌ರೂಮಿನಲ್ಲಿ ಜಿಗ್ ಫಿಕ್ಸ್ಚರ್ ಮಾಡುತ್ತಿದ್ದ ಹಾಸನ ಕಡೆಯ ಒಬ್ಬ ಹುಡುಗ ಟೀ ಕುಡಿಯಲು ಬಂದವನು ಇದನ್ನು ನೋಡಿದ. ಫೋಟೋ ಕಲೆ ಅವನಿಗೆ ಬೇಕಿರಲಿಲ್ಲ.

“ಎರಡೂ ಕಡೆ ಗುಂಡು ಪಿನ್ ಹಾಕಿದ್ರೆ ಎಲ್ಲಿ ಕೂರುತ್ತೆ ಸಾರ್? ಒಂದನ್ನ ಗುಂಡಗೆ ಬಿಡಿ, ಇನ್ನೊಂದನ್ನ ಡೈಮಂಡ್ ಮಾಡಿ.”

“ಅಂದ್ರೆ?”

“ಎರಡು ಪಕ್ಕ ಸವೆಸಿಬಿಡೋದು ಸಾರ್. ಉದ್ದಕ್ಕೆ ಜಾಗ ಕೊಡುತ್ತೆ, ಅಡ್ಡಕ್ಕೆ ಅಲ್ಲಾಡಕ್ಕೆ ಬಿಡಲ್ಲ.”

ಮಾರನೆಯ ದಿನ ವರ್ನಿಯರಿನಿಂದ ತೂತು ಅಳೆದು, ಹಿತ್ತಾಳೆ ರಾಡನ್ನು ಲೇತಿಗೆ ಕಟ್ಟಿ ಎರಡು ಪಿನ್ ತೆಗೆದು, ಒಂದರ ಎರಡು ಪಕ್ಕಗಳನ್ನು ಅರದಿಂದ ಉಜ್ಜಿ ಅಲ್ಯೂಮಿನಿಯಂ ಪ್ಲೇಟಿಗೆ ಕೂರಿಸಿ ತಂದುಕೊಟ್ಟ. ಒಂದು ಭಾಗವನ್ನು ಮಿಲ್ಲಿಂಗ್ ಮೆಷಿನ್ನಿಗೆ ಸಾವಿರ ಸಲ ಒಂದೇ ಜಾಗದಲ್ಲಿ ಕೂರಿಸುವವರಿಗೆ ಇದು ಮೊದಲ ಪಾಠ. ಲೈಬ್ರರಿಯ ಪತ್ರಿಕೆಗಳಿಂದ ಇಳಿಸಿಕೊಂಡ ಬಿಇಎಲ್ ಸಾರ್ ಡೈರಿಯಲ್ಲಿ ಎಲ್ಲೂ ಇರಲಿಲ್ಲ. ಅಲ್ಲಿಂದ ಮುಂದೆ ಫಿಲ್ಮು ಟಕ್ಕೆಂದು ಕೂರುತ್ತಿತ್ತು. ಸಲೋನ್ ಎಂಬ ಫೋಟೋ ಸ್ಪರ್ಧೆಗಳಲ್ಲಿ ಅವರ ಪ್ರಿಂಟುಗಳ ಅಂಚಿನ ಚೊಕ್ಕತನವನ್ನು ಹೊಗಳಿದವರಿಗೆ ಹಿತ್ತಾಳೆ ಪಿನ್ನಿನ ವಿಷಯ ಯಾರೂ ಹೇಳಿದಂತೆ ಕಾಣೆ.

ಅವರ ಇನ್ನೊಂದು ಪ್ರಯೋಗ ಟೋನ್ ಲೈನ್, ಅದು ಇನ್ನೂ ಮೋಜಿನದು. ನೆಗೆಟಿವನ್ನೂ ಅದರದ್ದೇ ಪಾಸಿಟಿವನ್ನೂ ಬೆನ್ನಿಗೆ ಬೆನ್ನು ಕೊಟ್ಟು ಸರಿಯಾಗಿ ಜೋಡಿಸಿದರೆ ಒಂದರ ಕಪ್ಪು ಇನ್ನೊಂದರ ಬಿಳಿಯನ್ನು ಮುಚ್ಚಿ, ನೇರವಾಗಿ ನೋಡಿದರೆ ಬೆಳಕು ತೂರುವುದಿಲ್ಲ. ಓರೆಯಾಗಿ ನೋಡಿದರೆ ಮಾತ್ರ, ಫಿಲ್ಮುಗಳ ದಪ್ಪ ನಡುವೆ ಇರುವುದರಿಂದ, ಆಕಾರಗಳ ಅಂಚಿನಲ್ಲಿ ಬೆಳಕು ಸಣ್ಣಗೆ ನುಸುಳುತ್ತದೆ. ಆ ಜೋಡಿಯ ಅಡಿಗೆ ಇನ್ನೊಂದು ಲಿಥ್ ಹಾಳೆ ಇಟ್ಟು, ಮೇಲಿನಿಂದ ನಲವತ್ತೈದು ಡಿಗ್ರಿ ಓರೆಯಲ್ಲಿ ದೀಪ ಹಾಕಿ, ಇಡೀ ಚೌಕಟ್ಟನ್ನು ಗುಂಡಗೆ ತಿರುಗಿಸಿದರೆ ಎಲ್ಲ ಕಡೆಯ ಅಂಚೂ ಸಮನಾಗಿ ಗೆರೆಯಾಗಿ ಬರುತ್ತದೆ. ಫೋಟೋ ಹೋಗಿ ಪೆನ್ನಿನಲ್ಲಿ ಬರೆದ ಚಿತ್ರ ಉಳಿಯುತ್ತದೆ. ತಿರುಗಿಸುವುದಕ್ಕೆ ಬಿಇಎಲ್ ಸಾರ್ ಮನೆಯಿಂದ ರೆಕಾರ್ಡ್ ಪ್ಲೇಯರ್ ತಂದಿದ್ದರು. ಕಾಂಟ್ಯಾಕ್ಟ್ ಫ್ರೇಮನ್ನು ಅದರ ತಟ್ಟೆಯ ಮೇಲಿಟ್ಟು ಮೂವತ್ತಮೂರರ ವೇಗದಲ್ಲಿ ಬಿಟ್ಟರೆ ಅರೆಗತ್ತಲಲ್ಲಿ ಅದು ಗಿರಿಗಿರಿ ತಿರುಗುವುದನ್ನು ನೋಡಲು ರಾತ್ರಿಪಾಳಿಯ ವಾಚ್‌ಮನ್ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ. “ಹಾಡು ಯಾವಾಗ ಬರುತ್ತೆ ಸಾರ್?” ಅಂತ ಒಮ್ಮೆ ಕೇಳಿಯೂ ಬಿಟ್ಟ.

ಸೋಲರೈಸೇಷನ್ನಿಗೆ ಇಷ್ಟು ತಯಾರಿ ಬೇಡ, ಧೈರ್ಯ ಬೇಕು. ಪ್ರಿಂಟು ಡೆವಲಪರಿನಲ್ಲಿ ಅರ್ಧ ಏಳುವಾಗ ಒಂದು ಕ್ಷಣ ಬಿಳಿ ದೀಪ ಹಾಕಿ ಆರಿಸಬೇಕು. ಇನ್ನೂ ಕಪ್ಪಾಗದ ಭಾಗ ಕಪ್ಪಾಗತೊಡಗುತ್ತದೆ. ಆಗಲೇ ಕಪ್ಪಾದ ಭಾಗ ಅಷ್ಟಕ್ಕೇ ನಿಲ್ಲುತ್ತದೆ. ಎರಡರ ಗಡಿಯಲ್ಲಿ, ಡೆವಲಪ್ ಆಗುವಾಗ ಹೊರಬೀಳುವ ಬ್ರೊಮೈಡ್ ಮುಂದಿನ ಕೆಲಸವನ್ನು ತಡೆದು ತೆಳ್ಳನೆಯ ಬಿಳಿಗೆರೆ ಉಳಿಸುತ್ತದೆ. ಹತ್ತೊಂಬತ್ತನೇ ಶತಮಾನದಲ್ಲೇ ಫ್ರಾನ್ಸಿನ ಸಬಾತಿಯೆ ಇದನ್ನು ಗುರುತಿಸಿದ್ದ. 1929ರ ಸುಮಾರಿಗೆ ಪ್ಯಾರಿಸ್ಸಿನಲ್ಲಿ ಲೀ ಮಿಲ್ಲರ್ ಡಾರ್ಕ್‌ರೂಮಿನಲ್ಲಿದ್ದಾಗ ಕಾಲ ಮೇಲೆ ಏನೋ ಹರಿದು ಬೆಚ್ಚಿಬಿದ್ದು ದೀಪ ಹಾಕಿದಳಂತೆ, ಕೆಟ್ಟುಹೋಯಿತೆಂದುಕೊಂಡ ಫಿಲ್ಮುಗಳಿಂದ ಮ್ಯಾನ್ ರೇ ಮತ್ತು ಅವಳು ಹೊಸ ಕಲೆಯನ್ನೇ ಕಟ್ಟಿದರಂತೆ. ಪೀಣ್ಯದಲ್ಲಿ ಇಲಿಗಳಿಗೇನು ಬರವಿರಲಿಲ್ಲ, ಆದರೆ ಯಜಮಾನರ ಫಿಲ್ಮಿನ ಮೇಲೆ ದೀಪ ಹಾಕಿದ್ದರೆ ಕಲೆಯ ಬದಲು ಸಂಬಳದಲ್ಲಿ ಕಡಿತ ಹುಟ್ಟುತ್ತಿತ್ತು.

ನಾನು ಸ್ವಂತಕ್ಕೆ ಮಾಡಿಕೊಂಡದ್ದು ಇದಕ್ಕಿಂತ ಅಗ್ಗದ್ದು. ಡ್ರಾಯಿಂಗ್ ಆಫೀಸಿನಲ್ಲಿ ಅಮೋನಿಯಾ ಪ್ರಿಂಟ್ ತೆಗೆಯುವ ಮೆಷಿನ್ ಇತ್ತು. ಟ್ರೇಸಿಂಗ್ ಹಾಳೆಯ ಅಡಿಗೆ ಹಳದಿ ಲೇಪದ ಕಾಗದ ಇಟ್ಟು ಬೆಳಕಿಗೆ ಹಿಡಿದರೆ ಗೆರೆಯ ನೆರಳಿರುವ ಕಡೆ ಲೇಪ ಉಳಿದು, ಅಮೋನಿಯಾ ಹಬೆಗೆ ನೀಲಿಯೋ ನೇರಳೆಯೋ ಆಗಿ ಏಳುತ್ತದೆ. ಊಟದ ಹೊತ್ತಿನಲ್ಲಿ ಹೊಂಗೆ ಎಲೆಯನ್ನೋ ತುಂಡಾದ ಸ್ಪ್ರಿಂಗನ್ನೋ ಆ ಕಾಗದದ ಮೇಲಿಟ್ಟು ಬಿಸಿಲಿಗೆ ಹಿಡಿದು ಮೆಷಿನ್ನಿಗೆ ತೂರಿಸಿದರೆ ಚಿತ್ರ ತಯಾರು. ವರ್ಷವೊಂದರಲ್ಲಿ ಮಾಸಿಹೋಗುತ್ತಿತ್ತು, ಹೋದರೆ ಹೋಗಲಿ.

ಇಷ್ಟೆಲ್ಲ ಮಾಡಿ ಬಂದ ಚಿತ್ರಗಳು ಹೇಗಿದ್ದವು? ಈಗ ಬೇಸರವಿಲ್ಲದೆ ಹೇಳಬಹುದು, ಬಹುಪಾಲು ಸಾಧಾರಣ. ಕ್ಲಬ್ಬಿನ ಪ್ರಯೋಗ ಎಂದರೆ ಅನೇಕ ಸಲ ಬಡ ಚಿತ್ರಕ್ಕೆ ಜರಿ ಅಂಚು ಹಾಕುವ ಕೆಲಸ. ನೇರವಾಗಿ ಪ್ರಿಂಟ್ ಹಾಕಿದರೆ ಯಾರೂ ತಿರುಗಿ ನೋಡದ ಎತ್ತಿನಗಾಡಿಯನ್ನು ಸೋಲರೈಸ್ ಮಾಡಿದರೆ ಸಲೋನ್‌ನಲ್ಲಿ ಆಯ್ಕೆಯಾಗುತ್ತಿತ್ತು. ಸಲೋನ್ ಎನ್ನುವುದು ಒಂದು ಲೋಕ. ಪ್ರಿಂಟುಗಳು ಪ್ಯಾಕೆಟ್ಟಿನಲ್ಲಿ ಊರೂರು, ದೇಶದೇಶ ತಿರುಗಿ, ಬೆನ್ನಿನ ತುಂಬ ಸಲೋನ್ ಲೇಬಲ್ ಅಂಟಿಸಿಕೊಂಡು ಹಿಂದಕ್ಕೆ ಬರುತ್ತಿದ್ದವು. ಜಡ್ಜುಗಳ ಮುಂದೆ ಪ್ರತಿಯೊಂದೂ ನಿಲ್ಲುತ್ತಿದ್ದದ್ದು ಕೆಲವು ಕ್ಷಣ. ಆ ಕ್ಷಣದಲ್ಲಿ ಕಣ್ಣಿಗೆ ಹೊಡೆಯಬೇಕು. ಒಪ್ಪಿಗೆಗಳು ಸಾಕಷ್ಟು ಕೂಡಿದರೆ ಹೆಸರಿನ ಹಿಂದೆ ಎಎಫ್‌ಐಎಪಿ, ಇಎಫ್‌ಐಎಪಿ ಎಂಬ ಬಿರುದು. ಬಡ್ತಿಯ ಪಟ್ಟಿ ನೋಡಿ ಬೆಳೆದ ಕಾರ್ಖಾನೆಯವರಿಗೆ ಈ ಏಣಿ ಚೆನ್ನಾಗಿ ಅರ್ಥವಾಗುತ್ತಿತ್ತು. ಅದನ್ನು ಆಡಿಕೊಳ್ಳಲಾರೆ; ಆ ಏಣಿ ಇಲ್ಲದಿದ್ದರೆ ನಡುರಾತ್ರಿ ಡಾರ್ಕ್‌ರೂಮಿನಲ್ಲಿ ನಿಲ್ಲಲು ಎಷ್ಟು ಜನ ಬರುತ್ತಿದ್ದರು? ಪೆರುಮಾಳ್, ರಾಜಗೋಪಾಲ್ ಅವರಂಥವರ ಪ್ರಿಂಟುಗಳನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಅಲ್ಲಿ ಜರಿ ಇರಲಿಲ್ಲ, ಬೂದುಗಳ ಮೇಲಿನ ಹಿಡಿತ ಇತ್ತು. ಲಿಥ್ ಫಿಲ್ಮ್ ಕಿತ್ತುಹಾಕುತ್ತಿದ್ದದ್ದು ಆ ಬೂದುಗಳನ್ನೇ.

ನನಗೆ ಈಗ ವಿಚಿತ್ರವಾಗಿ ಕಾಣುವುದು ಬೇರೆ ವಿಷಯ. ಫಿಲ್ಮು ಪೀಣ್ಯದ್ದು, ಪಿನ್ನು ಪೀಣ್ಯದ್ದು, ಕೆಮಿಕಲ್ಲು, ಕರೆಂಟು, ನಡುರಾತ್ರಿಯ ಟೀ ಎಲ್ಲವೂ ಪೀಣ್ಯದ್ದು. ಚಿತ್ರದಲ್ಲಿ ಮಾತ್ರ ಪೀಣ್ಯ ಇರಲಿಲ್ಲ. ವಾರವೆಲ್ಲ ಇಲ್ಲಿ ದುಡಿದು ಭಾನುವಾರ ಬೆಳಿಗ್ಗೆ ಸ್ಕೂಟರು ಹತ್ತಿ ಮಾಗಡಿ ಕಡೆಗೋ ನೆಲಮಂಗಲದಾಚೆಗೋ ಹೋಗಿ, ಧೂಳೆಬ್ಬಿಸುವ ದನದ ಹಿಂಡಿಗೆ ಕಾಯುತ್ತಿದ್ದರು. ಕ್ರೋಮ್ ಪ್ಲೇಟಿಂಗ್ ತೊಟ್ಟಿಯ ಹಳದಿ ಹಬೆಯಲ್ಲಿ ಮೊಣಕೈವರೆಗೆ ಗ್ಲೌಸ್ ಹಾಕಿ ನಿಂತವನನ್ನು, ಪವರ್ ಪ್ರೆಸ್ಸಿಗೆ ಬೆರಳು ಕೊಟ್ಟು ಇಎಸ್‌ಐ ಆಸ್ಪತ್ರೆಯ ಸಾಲಿನಲ್ಲಿ ಕೂತವನನ್ನು, ಸೆಕೆಂಡ್ ಶಿಫ್ಟ್ ಬಿಟ್ಟ ಮೇಲೆ ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸಿಗೆ ಕಾಯುವ ಹೆಂಗಸರ ಗುಂಪನ್ನು ಯಾರೂ ತೆಗೆಯಲಿಲ್ಲ. ಅದು ‘ಪಿಕ್ಟೋರಿಯಲ್’ ಅಲ್ಲ. ಎತ್ತಿನಗಾಡಿಯ ಹಿಂದೆ ಕರೆಂಟು ಕಂಬ ಬಂದರೂ ಅದನ್ನು ಅಳಿಸಬೇಕಿತ್ತು. ಅಳಿಸುತ್ತಿದ್ದವರು ನಮ್ಮ ಲೈಟ್ ಟೇಬಲ್ಲಿನ ಹೆಣ್ಣುಮಕ್ಕಳು.

ಅವರಲ್ಲೊಬ್ಬಳ ಕೈ ಅದೆಷ್ಟು ಚುರುಕೆಂದರೆ, ದೊಡ್ಡ ಲಿಥ್ ಪಾಸಿಟಿವಿನಲ್ಲಿ ತಂತಿಗಳನ್ನು ಹೆರೆದು, ಬಿಟ್ಟುಹೋದ ಮರದ ಕೊಂಬೆಯನ್ನು ಓಪೇಕಿನಲ್ಲಿ ಮುಂದುವರಿಸಿ, ಒಣಗಿದ ಮೇಲೆ ಫಿಲ್ಮಿನದ್ದು ಯಾವುದು, ಬ್ರಷ್ಷಿನದ್ದು ಯಾವುದು ಎಂದು ಗೊತ್ತಾಗದಂತೆ ಮಾಡುತ್ತಿದ್ದಳು. ಸಾರ್ ಹಬ್ಬಕ್ಕೆ ಸ್ವೀಟ್ ಬಾಕ್ಸ್ ತಂದುಕೊಡುತ್ತಿದ್ದರು. ಸರ್ಟಿಫಿಕೇಟಿನಲ್ಲಿ ಅವಳ ಹೆಸರಿಗೆ ಜಾಗವಿರಲಿಲ್ಲ, ಇರಬೇಕೆಂದು ಅವಳಿಗೂ ಅನಿಸಿರಲಿಕ್ಕಿಲ್ಲ. ಗಂಟೆಗೆ ಇಷ್ಟು ಫಿಲ್ಮ್ ಎಂಬ ಲೆಕ್ಕದಲ್ಲಿದ್ದವಳು ಅವಳು.

ಡಾರ್ಕ್‌ರೂಮಿನ ಕೆಂಪು ಬೆಳಕನ್ನು ನೆನೆದು ನಿಟ್ಟುಸಿರು ಬಿಡುವವರಿಗೆ ಅದರ ಮೋರಿಯನ್ನೂ ತೋರಿಸಬೇಕು. ಡೆವಲಪರಿನ ಮೆಟಾಲ್ ತಾಗಿ ಬೆರಳ ಸಂದಿ ಒಡೆದು ನೀರಾಡುತ್ತಿತ್ತು. ಕೆಲವರಿಗೆ ಒಮ್ಮೆ ಅಲರ್ಜಿ ಹತ್ತಿದರೆ ಆಮೇಲೆ ಟ್ರೇ ಹತ್ತಿರ ಬರಲೂ ಆಗುತ್ತಿರಲಿಲ್ಲ. ಹಳೆ ಡೆವಲಪರು, ಸ್ಕ್ರೀನ್ ತೊಳೆದ ಡೈಕ್ರೋಮೇಟ್ ನೀರು ನೇರ ಚರಂಡಿಗೆ. ಪ್ಲೇಟಿಂಗ್ ಶೆಡ್ಡುಗಳ ನೀರಿನ ಮುಂದೆ ನಮ್ಮದು ಹನಿ ಮಾತ್ರ, ಆದರೆ ಜಾತಿ ಒಂದೇ. ಮುಂದೆ ಪೀಣ್ಯದ ಬೋರ್‌ವೆಲ್ ನೀರಿನಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಸಿಕ್ಕಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಕಡತಗಳಲ್ಲಿ ಈ ಪ್ರದೇಶದ ಹೆಸರು ಮತ್ತೆ ಮತ್ತೆ ಬಂತು. ಫಿಲ್ಮ್ ಫಿಕ್ಸ್ ಮಾಡುವ ಹೈಪೋ ಒಂದನ್ನು ಮಾತ್ರ ಚೆಲ್ಲುತ್ತಿರಲಿಲ್ಲ, ಪರಿಸರದ ಕಾಳಜಿಯಿಂದಲ್ಲ. ಫಿಲ್ಮಿನಲ್ಲಿದ್ದ ಬೆಳ್ಳಿ ಅದರಲ್ಲಿ ಕರಗಿರುತ್ತಿತ್ತು, ಕ್ಯಾನ್ ಲೆಕ್ಕದಲ್ಲಿ ಕೊಳ್ಳುವವರು ಬರುತ್ತಿದ್ದರು. ಹಳೆ ಫಿಲ್ಮನ್ನೂ ಕೆಜಿ ಲೆಕ್ಕದಲ್ಲಿ ತೂಗಿ ಒಯ್ಯುತ್ತಿದ್ದರು. ನೇಮ್‌ಪ್ಲೇಟಿನ ಫಿಲ್ಮುಗಳ ಜೊತೆ ಬಿಇಎಲ್ ಸಾರ್ ಬಿಟ್ಟುಹೋಗಿದ್ದ ದನದ ಹಿಂಡುಗಳೂ ಒಂದು ದಿನ ತಕ್ಕಡಿ ಏರಿದವು. ಬೆಳ್ಳಿಗೆ ಕಲೆಯ ಗುರುತಿಲ್ಲ.

ಮುಗಿದದ್ದು ಬೇಗ. ತೊಂಬತ್ತರ ದಶಕದಲ್ಲಿ ಕಂಪ್ಯೂಟರಿನಲ್ಲಿ ಬರೆದ ಚಿತ್ರ ನೇರ ಫೋಟೋಪ್ಲಾಟರಿಗೆ ಹೋಗತೊಡಗಿದ ಮೇಲೆ ಪ್ರೋಸೆಸ್ ಕ್ಯಾಮೆರಾ ಗುಜರಿಗೆ ಬಿತ್ತು. ಲೈಟ್ ಟೇಬಲ್ಲಿನ ಹೆಣ್ಣುಮಕ್ಕಳಲ್ಲಿ ಬಹಳ ಮಂದಿ ಗಾರ್ಮೆಂಟ್ಸಿಗೆ ಹೋದರು. ನಮ್ಮ ಡಾರ್ಕ್‌ರೂಮಿನಲ್ಲಿ ಈಗ ಯುಪಿಎಸ್ ಬ್ಯಾಟರಿಗಳಿವೆ. ಅತ್ತ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಂಪನಿಯ ಕಥೆಯೂ ಇದೇ. 1960ರಲ್ಲಿ ಹುಟ್ಟಿ, 1967ರಿಂದ ಉತ್ಪಾದನೆ ಶುರುಮಾಡಿ, ‘ಇಂದು’ ಎಂಬ ಹೆಸರಿನಲ್ಲಿ ಕಪ್ಪುಬಿಳುಪು ಫಿಲ್ಮು, ಬ್ರೊಮೈಡ್ ಕಾಗದ, ಎಕ್ಸ್‌ರೇ ಫಿಲ್ಮು ಕೊಟ್ಟ ಸರ್ಕಾರಿ ಕಾರ್ಖಾನೆ ಅದು. ‘ಇಂದು’ ಕಾಗದವನ್ನು ಕ್ಲಬ್ಬಿನವರು ಬೈದುಕೊಂಡೇ ಕೊಳ್ಳುತ್ತಿದ್ದರು. ಆಗ್ಫಾ ಬ್ರೊವೀರಾ ಸಿಕ್ಕಿದರೆ ಹಬ್ಬ. ಊಟಿಯದು ವರ್ಷಗಟ್ಟಲೆ ಕುಂಟಿ 2010ರ ದಶಕದಲ್ಲಿ ಬಾಗಿಲು ಹಾಕಿತು. ಕೊಡಾಕ್ ಕಪ್ಪುಬಿಳುಪು ಕಾಗದ ಮಾಡುವುದನ್ನು ನಿಲ್ಲಿಸುವುದಾಗಿ ಹೇಳಿದ್ದೂ, ಆಗ್ಫಾಫೋಟೋ ದಿವಾಳಿಯಾದದ್ದೂ ಒಂದೇ ವರ್ಷ, 2005ರಲ್ಲಿ. ಕಲೆಗಾಗಿ ಎಂದು ಯಾವ ಕಾರ್ಖಾನೆಯೂ ಲಿಥ್ ಫಿಲ್ಮ್ ಮಾಡಿರಲಿಲ್ಲ. ಪ್ರೆಸ್ಸಿನವರಿಗೆ, ಪಿಸಿಬಿಯವರಿಗೆ ಬೇಡವಾದ ದಿನ ಕಲಾವಿದರಿಗೂ ಅದು ಇಲ್ಲವಾಯಿತು, ಅಷ್ಟೇ.

2023ರ ಫೆಬ್ರವರಿಯಲ್ಲಿ ಕಸ್ತೂರ್‌ಬಾ ರಸ್ತೆಯಲ್ಲಿ ಮ್ಯಾಪ್ ಎಂಬ ಕಲೆ ಮತ್ತು ಫೋಟೋಗ್ರಫಿ ಮ್ಯೂಸಿಯಂ ತೆರೆಯಿತು. ಅಲ್ಲಿನ ಮೊದಲ ಪ್ರದರ್ಶನಗಳಲ್ಲಿ ಜ್ಯೋತಿ ಭಟ್ಟರದೂ ಒಂದು. ಬರೋಡಾದ ಚಿತ್ರಕಾರ, ಮುದ್ರಣಕಲೆಯ ಮೇಷ್ಟ್ರು, 1934ರಲ್ಲಿ ಹುಟ್ಟಿದವರು. ಹಳ್ಳಿಹಳ್ಳಿ ಸುತ್ತಿ ನೆಲದ ರಂಗೋಲಿ, ಗೋಡೆಯ ಚಿತ್ತಾರ, ಅದನ್ನು ಬರೆಯುವ ಹೆಂಗಸರನ್ನು ದಶಕಗಳ ಕಾಲ ದಾಖಲಿಸಿದರು. ಡಾರ್ಕ್‌ರೂಮಿನಲ್ಲಿ ಸೋಲರೈಸೇಷನ್, ಒಂದರ ಮೇಲೊಂದು ನೆಗೆಟಿವ್, ಕನ್ನಡಿಬಿಂಬದ ಜೋಡಣೆ ಎಲ್ಲವನ್ನೂ ಆಡಿದರು. ನಮ್ಮವರು ಮಾಡುತ್ತಿದ್ದ ವಿದ್ಯೆಗಳೇ. ವ್ಯತ್ಯಾಸ ಎಲ್ಲಿದೆ ಎಂದು ಗೋಡೆಯ ಮುಂದೆ ನಿಂತಾಗ ನನಗೆ ಅನಿಸಿದ್ದು ಹೀಗೆ: ಅವರು ಚಿತ್ರದೊಳಗಿನ ಹೆಂಗಸು ಬರೆದ ರಂಗೋಲಿಗೂ ತಾವು ಡಾರ್ಕ್‌ರೂಮಿನಲ್ಲಿ ಎಳೆದ ಗೆರೆಗೂ ಸಂಬಂಧ ಹುಡುಕುತ್ತಿದ್ದರು. ನಮ್ಮವರಿಗೆ ಎತ್ತಿಗೂ ಗೆರೆಗೂ ಸಂಬಂಧ ಬೇಕಿರಲಿಲ್ಲ. ಮ್ಯೂಸಿಯಂ ಎಸಿಯಲ್ಲಿ ಓಡಾಡುತ್ತಿದ್ದ ಹುಡುಗ ಹುಡುಗಿಯರು ಆ ಪ್ರಿಂಟುಗಳ ಫೋಟೋ ತೆಗೆದುಕೊಳ್ಳುತ್ತಿದ್ದರು. ಒಬ್ಬನಂತೂ ಇದು ಯಾವ ಫಿಲ್ಟರ್ ಎಂದು ಗೆಳತಿಯನ್ನು ಕೇಳಿದ. ತಪ್ಪಿಲ್ಲ, ಅವನ ಕಾಲಕ್ಕೆ ಸರಿಯಾದ ಪ್ರಶ್ನೆಯೇ.

ಕಳೆದ ವರ್ಷ ಹಳೆಯ ಸಹೋದ್ಯೋಗಿಯೊಬ್ಬರ ಮಗಳು ಮನೆಗೆ ಬಂದಳು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಕೆಲಸ, ಶನಿವಾರ ಭಾನುವಾರ ಸಯನೋಟೈಪ್. ಫೆರಿಕ್ ಅಮೋನಿಯಂ ಸಿಟ್ರೇಟ್, ಪೊಟ್ಯಾಸಿಯಂ ಫೆರಿಸಯನೈಡ್ ಕೂಡಿಸಿ ಕಾಗದಕ್ಕೆ ಬಳಿದು ಬಿಸಿಲಿಗೆ ಹಿಡಿದು ನೀರಿನಲ್ಲಿ ತೊಳೆದರೆ ನೀಲಿ ಚಿತ್ರ; 1842ರಲ್ಲಿ ಹರ್ಷೆಲ್ ಕಂಡುಹಿಡಿದದ್ದು. ಕಾರ್ಖಾನೆಗಳ ಬ್ಲೂಪ್ರಿಂಟಿನ ಮೂಲವೂ ಅದೇ. ಅವಳು ಯಾವುದೋ ವರ್ಕ್‌ಶಾಪಿನಲ್ಲಿ ನನ್ನ ಆಗಿನ ತಿಂಗಳ ಸಂಬಳದ ಹಲವು ಪಟ್ಟು ಕೊಟ್ಟು ಕಲಿತು ಬಂದಿದ್ದಳು. ಅಪ್ಪನ ಶೆಡ್ಡಿನಿಂದ ರಿಜೆಕ್ಟ್ ಆದ ವಾಷರು, ಗ್ಯಾಸ್ಕೆಟ್ಟು, ಸ್ಪ್ರಿಂಗು, ಸರ್ಕ್ಲಿಪ್ಪು ತಂದು ಕಾಗದದ ಮೇಲೆ ಹರಡಿ ಮಾಡಿದ ಹಾಳೆಗಳನ್ನು ಮೇಜಿನ ಮೇಲೆ ಹಾಸಿದಳು.

“ಹೇಗಿದೆ ಅಂಕಲ್?”

“ಈ ಸ್ಪ್ರಿಂಗಿಂದು ಚೆನ್ನಾಗಿ ಬಂದಿದೆ ಕಣಮ್ಮ, ಓರೆ ಬಿಸಿಲಿಗೆ ನೆರಳು ಎಳೆದಿದೆ. ಮಿಕ್ಕಿದ್ದೆಲ್ಲ ಎಸ್‌ಜೆಪಿ ರೋಡಿನ ನಟ್ಟು ಬೋಲ್ಟ್ ಅಂಗಡಿ.”

ಅವಳಿಗೆ ಸಿಟ್ಟು ಬಂತು, ತೋರಿಸಿಕೊಳ್ಳಲಿಲ್ಲ. ಅಂಗಡಿ ಥರ ಕಾಣಬೇಕಂತಲೇ ಹರಡಿದ್ದು ಎಂದಳು. ಅದೂ ಒಂದು ವಾದವೇ. ಅವಳಿಗೆ ನನ್ನಿಂದ ಬೇಕಾಗಿದ್ದದ್ದು ಅಭಿಪ್ರಾಯವಲ್ಲ. ಒಂದೇ ಕಾಗದದ ಮೇಲೆ ಒಂದು ಪದರ ನೀಲಿ ಹೊಡೆದು, ಸೋಡಾದಲ್ಲಿ ಬಿಳುಪಿಸಿ, ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಕಂದುಗಪ್ಪು ಮಾಡಿ, ಅದರ ಮೇಲೆ ಎರಡನೇ ಪದರ ನೀಲಿ ಹೊಡೆಯುತ್ತಾಳೆ. ಎರಡನೆಯದಕ್ಕೆ ಕಂಪ್ಯೂಟರಿನಿಂದ ಪ್ಲಾಸ್ಟಿಕ್ ಹಾಳೆಯ ಮೇಲೆ ಪ್ರಿಂಟ್ ತೆಗೆದ ನೆಗೆಟಿವ್. ಅದು ಮೊದಲನೆಯದರ ಮೇಲೆ ಸರಿಯಾಗಿ ಕೂರುತ್ತಿಲ್ಲ. ನೀರಿಗೆ ಬಿದ್ದ ಕಾಗದ ಒಣಗುವಾಗ ಕುಗ್ಗುತ್ತದೆ, ಕುಗ್ಗುವುದೂ ಎರಡು ದಿಕ್ಕಿಗೆ ಒಂದೇ ಸಮ ಅಲ್ಲ. ಮೊದಲೇ ಬಿಸಿನೀರಿನಲ್ಲಿ ನೆನೆಸಿ ಒಣಗಿಸಿ ಕುಗ್ಗಿಸಿಕೋ ಎಂದೆ, ಒಂದು ಗುಂಡು ಪಿನ್ನು ಒಂದು ಡೈಮಂಡ್ ಪಿನ್ನಿನ ಚಿತ್ರ ಹಾಕಿ ತೋರಿಸಿದೆ. ಹಳೆಯ ಪ್ಲೇಟು ಯಾವ ಗುಜರಿಗೆ ಹೋಯಿತೋ.

ಆ ಪಿನ್ನುಗಳನ್ನು ಮಾಡಿಸಲು ಅವಳು ಪೀಣ್ಯದ ಒಂದು ಸಿಎನ್‌ಸಿ ಜಾಬ್ ಶಾಪಿಗೆ ಮೆಟ್ರೋದಲ್ಲಿ ಹೋದಳಂತೆ. ಬಾಯಿಮಾತಿನಲ್ಲಿ ಹೇಳಿದರೆ ಅವರು ಕೇಳುವುದಿಲ್ಲ, ಡ್ರಾಯಿಂಗ್ ಬೇಕು, ಟಾಲರೆನ್ಸ್ ಬರೆದಿರಬೇಕು. ಇವಳು ಲ್ಯಾಪ್‌ಟಾಪಿನಲ್ಲಿ ಅಲ್ಲೇ ಕೂತು ಮಾಡಿಕೊಟ್ಟಿದ್ದಾಳೆ. ಎರಡೇ ಪೀಸಿಗೆ ಸೆಟ್ಟಿಂಗ್ ಹಾಕಲು ಆಗುವುದಿಲ್ಲ ಎಂದು ಹುಡುಗ ಮೊದಲು ಗೊಣಗಿದ, ಆಮೇಲೆ ಒಪ್ಪಿದ.

“ಯಾವ ಮೆಷಿನ್ನಿಗೆ ಮೇಡಂ ಇದು?”

“ಮೆಷಿನ್ನಿಗಲ್ಲ, ಫೋಟೋ ಮಾಡಕ್ಕೆ.”

ಅವನು ಒಂದು ಗಳಿಗೆ ಅವಳ ಮುಖ ನೋಡಿ, ಬಿಲ್ಲಿನಲ್ಲಿ ‘ಫಿಕ್ಸ್ಚರ್ ಪಿನ್, 2 ಪೀಸ್’ ಎಂದು ಬರೆದು ಜಿಎಸ್‌ಟಿ ಸೇರಿಸಿ ಕೊಟ್ಟನಂತೆ.